ಡೇರಿಯ ವರದಿ ಮೊಬೈಲಿನಲ್ಲಿ ಯಾಕೆ ಒಡೆಯುತ್ತದೆ?

ಸೆಪ್ಟೆಂಬರ್ ಬಂತೆಂದರೆ ಸಹಕಾರ ಸಂಘಗಳಿಗೆ ವಾರ್ಷಿಕ ಮಹಾಸಭೆಯ ಗಡಿಬಿಡಿ. ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಲ್ಲೂ ಅಷ್ಟೆ. ಹಾಲಿನ ಡೇರಿಯ ಕಾರ್ಯದರ್ಶಿ, ಕೃಷಿ ಪತ್ತಿನ ಸಂಘದ ಗುಮಾಸ್ತ, ಎಲ್ಲರೂ ಜಮಾ ಖರ್ಚಿನ ಪಟ್ಟಿ ಹಿಡಿದು ಡಿಟಿಪಿ ಅಂಗಡಿಯ ಮುಂದೆ ನಿಲ್ಲುತ್ತಾರೆ. ಅಂಗಡಿಯವರು ‘ನುಡಿ’ ತಂತ್ರಾಂಶದಲ್ಲಿ ಚಕಚಕನೆ ಟೈಪ್ ಮಾಡಿ, ಪ್ರಿಂಟ್ ತೆಗೆದು, ಬೇಕಾದಷ್ಟು ಜೆರಾಕ್ಸ್ ಹೊಡೆದು ಕೊಡುತ್ತಾರೆ. ಅಲ್ಲಿಯವರೆಗೆ ಏನೂ ತೊಂದರೆಯಿಲ್ಲ. ಅದೇ ವರ್ಡ್ ಕಡತ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಬಿದ್ದ ಮೇಲೆ ನೋಡಿ.

“ಇದೇನಣ್ಣ ಹಿಂಗ್ ಬತ್ತಾದೆ? ಇಂಗ್ಲಿಷೂ ಅಲ್ಲ, ಕನ್ನಡಾನೂ ಅಲ್ಲ.”

“ನಿನ್ ಫೋನಲ್ಲಿ ಫಾಂಟ್ ಇಲ್ಲ ಕಣ್ಲಾ. ತಡಿ, ಪ್ರಿಂಟಿಂದೇ ಫೋಟೊ ಹೊಡ್ದು ಹಾಕ್ತೀನಿ.”

ಈ ಮಾತುಕತೆ ನಡೆಯದ ಹಳ್ಳಿ ಗುಂಪು ಕರ್ನಾಟಕದಲ್ಲಿ ಸಿಗುವುದು ಕಷ್ಟ. ಫೋಟೊ ಹಾಕಿದರೆ ಓದಲು ಬರುತ್ತದೆ, ಸರಿ. ಆದರೆ ಇಪ್ಪತ್ತು ಪುಟದ ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಎಷ್ಟು ಬೋನಸ್ ಬಿದ್ದಿದೆ ಎಂದು ಹುಡುಕಲು ಬರುವುದಿಲ್ಲ. ಹೋದ ವರ್ಷದ ವರದಿಯಿಂದ ನಾಲ್ಕು ಸಾಲು ಎತ್ತಿ ಈ ವರ್ಷದ್ದಕ್ಕೆ ಹಾಕಲು ಬರುವುದಿಲ್ಲ. ಫೋನ್ ಹಳೆಯದಾಯಿತೆಂದು ಬೇಸತ್ತು ಹೊಸದು ಕೊಂಡರೂ ಆ ಕಡತ ಹಾಗೇ ತೆರೆದುಕೊಳ್ಳುತ್ತದೆ. ದೋಷ ಇರುವುದು ಕಡತದಲ್ಲಿ, ಫೋನಿನಲ್ಲಲ್ಲ.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಇಂಗ್ಲಿಷಿನ ದೊಡ್ಡ ಪಿ ಅಕ್ಷರಕ್ಕೆ 80 ಎಂಬ ಅಂಕಿ ಎಂದು ಪ್ರಪಂಚವೆಲ್ಲ ಒಪ್ಪಿ ಬಹಳ ಕಾಲವಾಯಿತು. ಹಳೆಯ ಪದ್ಧತಿಯಲ್ಲಿ ಒಟ್ಟು ಮನೆಗಳು 256 ಮಾತ್ರ, ಅದರಲ್ಲಿ ಮೊದಲರ್ಧ ಇಂಗ್ಲಿಷಿಗೆ ಮೀಸಲು. ಕನ್ನಡಕ್ಕೆ ಜಾಗವೇ ಇರಲಿಲ್ಲ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ನಮಗೆ ಬೇಕಾದ ಆಕಾರಗಳು ಸಾವಿರಗಟ್ಟಲೆ. ಆಗ ನಮ್ಮವರು ಒಂದು ಉಪಾಯ ಮಾಡಿದರು. ಕನ್ನಡದ ಆಕಾರಗಳನ್ನು ತಲೆಕಟ್ಟು, ಕೊಂಬು, ದೀರ್ಘ, ಒತ್ತು ಎಂದು ತುಂಡು ಮಾಡಿ, ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಮನೆಗಳಲ್ಲಿ ತಂದು ಕೂರಿಸಿದರು. ನುಡಿ ಫಾಂಟಿನಲ್ಲಿ ‘ಕ’ ಎಂದು ಕಾಣುವುದು ಅಸಲಿಗೆ ಎರಡು ತುಂಡು. 80ನೇ ಮನೆಯ ಪಿ, ಅದರ ಪಕ್ಕದಲ್ಲಿ 192ನೇ ಮನೆಯ, ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ. ಪಿ ಜಾಗದಲ್ಲಿ ಕಕಾರದ ಒಡಲು, ಎ ಜಾಗದಲ್ಲಿ ತಲೆಕಟ್ಟು. ‘ನ’ಕಾರಕ್ಕೆ ಪೌಂಡಿನ ಚಿಹ್ನೆ. ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಉಳಿಯುವುದು ಪಿ, ಎ, ಪೌಂಡು, ಎ, ಜರ್ಮನ್ನರ ಒಂದು ಎಸ್, ಕ್ಯೂ, ಮತ್ತೊಂದು ಎ.

ನಾಗಮಂಗಲದ ಕಡೆಯವರಿಗೆ ಮೂಡಲಪಾಯ ಗೊತ್ತು. ವೇಷ ಕಟ್ಟಿ ಕಿರೀಟ ಇಟ್ಟರೆ ನಮ್ಮೂರಿನವನೇ ಅರ್ಜುನ, ಬಣ್ಣ ತೊಳೆದರೆ ಮತ್ತೆ ನಮ್ಮೂರಿನವನು. ನುಡಿ ಕಡತದಲ್ಲಿರುವುದೂ ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳೇ, ಫಾಂಟ್ ಎಂಬುದು ಆ ಬಣ್ಣದ ಪೆಟ್ಟಿಗೆ. ಅಂಗಡಿಯ ಕಂಪ್ಯೂಟರಿನಲ್ಲಿ ಪೆಟ್ಟಿಗೆ ಇದೆ, ನಿಮ್ಮ ಮೊಬೈಲಿನಲ್ಲಿ ಇಲ್ಲ.

ವೇಷ ಕಳಚುವುದೊಂದೇ ಆಗಿದ್ದರೆ ಫಾಂಟ್ ಹಾಕಿಕೊಂಡು ಸುಮ್ಮನಿರಬಹುದಿತ್ತು. ಫಾಂಟ್ ಇದ್ದು, ಕನ್ನಡ ಚೆನ್ನಾಗಿಯೇ ಕಾಣುತ್ತಿರುವಾಗಲೂ ಕಂಪ್ಯೂಟರಿಗೆ ಮಾತ್ರ ಅದು ಕನ್ನಡವೆಂದು ಗೊತ್ತಿರುವುದಿಲ್ಲ. ‘ಕ’ ಎಂದರೆ 80 ಮತ್ತು 192, ‘ಕಿ’ ಎಂದರೆ ಬರೀ 81. ಎರಡಕ್ಕೂ ಏನೇನೂ ನಂಟಿಲ್ಲ. ‘ಕರ್ನಾಟಕ’ ಎಂಬ ಪದದಲ್ಲಿ ನಾವು ಉಚ್ಚರಿಸುವುದು ಮೊದಲು ರಕಾರ, ಆಮೇಲೆ ನಕಾರ. ಕಡತದಲ್ಲಿ ‘ನಾ’ ಮೊದಲು, ಅರ್ಕಾವೊತ್ತು ಆಮೇಲೆ, ಏಕೆಂದರೆ ಕಾಗದದ ಮೇಲೆ ಕಾಣುವ ಕ್ರಮ ಅದು. ಸದಸ್ಯರ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸು ಎಂದು ಎಕ್ಸೆಲ್‌ಗೆ ಹೇಳಿದರೆ ರಾಜಮ್ಮ ಮೇಲೆ ಬಂದು ತಾಯಮ್ಮ ಕೆಳಗೆ ಹೋಗುತ್ತಾರೆ. ರಕಾರ ಕೂತಿರುವುದು ಇಂಗ್ಲಿಷ್ ಜಿ ಮನೆಯಲ್ಲಿ, ತಕಾರ ವಿ ಮನೆಯಲ್ಲಿ. ಕಂಪ್ಯೂಟರ್ ತನಗೆ ಗೊತ್ತಿರುವ ವರ್ಣಮಾಲೆಯಂತೆ ಸರಿಯಾಗಿಯೇ ಜೋಡಿಸಿದೆ.

ಇಷ್ಟು ಹೇಳಿದ ಮೇಲೆ ಈ ಉಪಾಯ ಮಾಡಿದವರನ್ನು ಬೈಯುವುದು ಸುಲಭ. ಬೈಯಬಾರದು. ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಇಂಗ್ಲಿಷ್ ಕೀಲಿಮಣೆಯಲ್ಲೇ ಕನ್ನಡವನ್ನು ಸಲೀಸಾಗಿ ಕುಟ್ಟುವ ವಿನ್ಯಾಸ ರೂಪಿಸಿ ನಾಡಿಗೆ ಪುಕ್ಕಟೆ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡ ಮೂಡಿತು. ಅದಕ್ಕೂ ಮುಂಚೆ ಪತ್ರಿಕೆಗಳಲ್ಲಿ, ಮುದ್ರಣಾಲಯಗಳಲ್ಲಿ ಪ್ರಕಾಶಕ್, ಆಕೃತಿ, ಶ್ರೀಲಿಪಿ ಎಂದು ಹಲವು ತಂತ್ರಾಂಶಗಳಿದ್ದವು. ಒಂದೊಂದೂ ಅಕ್ಷರದ ತುಂಡುಗಳನ್ನು ಒಂದೊಂದು ಮನೆಯಲ್ಲಿ ಇಟ್ಟಿದ್ದವು, ಒಂದರ ಕಡತ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಆ ಗೊಂದಲದ ನಡುವೆ ರಾಜ್ಯ ಸರ್ಕಾರ ಒಂದು ಶಿಷ್ಟತೆ ಗೊತ್ತುಮಾಡಿ, ಕನ್ನಡ ಗಣಕ ಪರಿಷತ್ತಿನಿಂದ ‘ನುಡಿ’ ಮಾಡಿಸಿ ಹಂಚಿದ್ದು ದೊಡ್ಡ ಕೆಲಸ. ಕಚೇರಿಗಳಲ್ಲಿ ಕನ್ನಡ ಟೈಪಿಂಗ್ ಉಳಿದದ್ದು ಅದರಿಂದ. ಪೂರ್ಣಚಂದ್ರ ತೇಜಸ್ವಿಯಂಥ ಲೇಖಕರು ಕಥೆ ಕಾದಂಬರಿ ಬಿಟ್ಟು ಕನ್ನಡ ತಂತ್ರಾಂಶದ ಬಗ್ಗೆ ಜಗಳಕ್ಕೆ ನಿಂತ ಕಾಲ ಅದು.

ತಕರಾರು ಆಮೇಲಿನದು. ಪ್ರಪಂಚದ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸ್ವಂತ ಅಂಕಿ ಕೊಡುವ ಯೂನಿಕೋಡ್ 1991ರಲ್ಲೇ ಹೊರಬಂದಿತ್ತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ ಮನೆಗಳು ಮೀಸಲು. ‘ಕ’ಕಾರದ ಅಂಕಿ 3221, ಅದು ದೇವಲಾಪುರದಲ್ಲೂ ಅದೇ, ಅಮೆರಿಕದಲ್ಲೂ ಅದೇ. ಕಾಗುಣಿತ, ಒತ್ತುಗಳ ಆಕಾರ ಕಟ್ಟುವ ಕೆಲಸ ಆಯಾ ಯಂತ್ರದ್ದು, ಕಡತದಲ್ಲಿ ಉಳಿಯುವುದು ಅಕ್ಷರ ಮಾತ್ರ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಫಾಂಟಿನ ಜೊತೆಗೆ ಕನ್ನಡ ಯೂನಿಕೋಡ್ ಇತ್ತು. 2009ರಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಯೂನಿಕೋಡೇ ಶಿಷ್ಟತೆ ಎಂದಿತು, ರಾಜ್ಯ ಸರ್ಕಾರವೂ ಆಮೇಲೆ ಒಪ್ಪಿತು. ಇವತ್ತು ಯಾವ ಫೋನಿನಲ್ಲಾದರೂ ವಾಟ್ಸ್‌ಆ್ಯಪ್ ತೆರೆದು ಕನ್ನಡ ಬರೆದರೆ ಅದು ಯೂನಿಕೋಡೇ. ಹತ್ತು ವರ್ಷದ ಹುಡುಗ ಬೆರಳಲ್ಲಿ ತೀಡಿದ ಕನ್ನಡ ಎಲ್ಲೆಡೆ ಸರಿಯಾಗಿ ಓದಿಸಿಕೊಳ್ಳುತ್ತದೆ, ಇಪ್ಪತ್ತು ವರ್ಷ ಅನುಭವದ ಬೆರಳಚ್ಚುಗಾರರು ಟೈಪಿಸಿದ ಕನ್ನಡ ಓದಿಸಿಕೊಳ್ಳುವುದಿಲ್ಲ.

ಹಾಗಾದರೆ ಅಂಗಡಿಯವರು ಇನ್ನೂ ಯಾಕೆ ಹಳೆಯದನ್ನೇ ಹಿಡಿದಿದ್ದಾರೆ? ಸೋಮಾರಿತನ ಎನ್ನುವವರು ಅಂಗಡಿಯೊಳಗೆ ಹೋಗಿ ಒಂದು ಮದುವೆ ಸೀಸನ್ ನೋಡಬೇಕು. ಲಗ್ನಪತ್ರಿಕೆ, ತಿಥಿ ಕಾರ್ಡು, ಜಾತ್ರೆಯ ಕರಪತ್ರ, ಎಲ್ಲದರ ಮಾದರಿಗಳೂ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶದಲ್ಲಿವೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಅದರ ಕೊನೆಯ ಆವೃತ್ತಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಅದೇ ಕಂಪನಿಯ ಇನ್‌ಡಿಸೈನ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಲು ಕಲಿತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಷ್ಟರೊಳಗೆ ಹತ್ತು ವರ್ಷದ ಕೆಲಸ ಹಳೆಯ ಪದ್ಧತಿಯಲ್ಲಿ ರಾಶಿ ಬಿದ್ದಿತ್ತು. ಹೊಸ ಇನ್‌ಡಿಸೈನಿಗೆ ತಿಂಗಳ ಬಾಡಿಗೆ ಕಟ್ಟಬೇಕು. ಚಂದದ ಅಲಂಕಾರಿಕ ಫಾಂಟುಗಳೂ ಬಹುಕಾಲ ಹಳೆಯ ಪದ್ಧತಿಯಲ್ಲೇ ಹೆಚ್ಚಿದ್ದವು. ಹೀಗಿರುವಾಗ ಪುಟಕ್ಕೆ ಇಷ್ಟು ಎಂದು ದುಡಿಯುವವರು ಬದಲಾಗಲಿಲ್ಲ ಎಂದರೆ ಅದರಲ್ಲಿ ಲೆಕ್ಕಾಚಾರ ಇದೆ. ಅವರ ಗಿರಾಕಿಗೆ ಬೇಕಾದದ್ದು ಕಾಗದ, ಕಾಗದದ ಮೇಲೆ ನುಡಿಯೂ ಒಂದೇ, ಯೂನಿಕೋಡೂ ಒಂದೇ.

ನಷ್ಟ ಬೀಳುವುದು ಬೇರೆಯವರ ತಲೆಯ ಮೇಲೆ. ಹಳೆಯ ಸರ್ಕಾರಿ ಆದೇಶಗಳು ಪಿಡಿಎಫ್ ರೂಪದಲ್ಲಿ ಜಾಲತಾಣಗಳಲ್ಲಿ ಇವೆ. ಅವುಗಳಲ್ಲಿ ಎಷ್ಟೋ ನುಡಿಯಲ್ಲಿ ಟೈಪಿಸಿದವು. ಕಣ್ಣಿಗೆ ಕನ್ನಡ, ಹುಡುಕಾಟದ ಯಂತ್ರಕ್ಕೆ ಕಸ. ಇದ್ದೂ ಸಿಗದ ಆದೇಶದಿಂದ ರೈತನಿಗೆ ಏನು ಪ್ರಯೋಜನ? ಕಣ್ಣು ಕಾಣದ ವಿದ್ಯಾರ್ಥಿಗಳ ಪಾಡು ಇನ್ನೂ ಕಷ್ಟದ್ದು. ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಯೂನಿಕೋಡಿನಲ್ಲಿದ್ದರೆ ಮಾತ್ರ. ನುಡಿಯ ನೋಟ್ಸ್ ಕೊಟ್ಟರೆ ಅದು ಪಿ, ಎ, ಪೌಂಡ್, ಎ ಎಂದು ಒದರತೊಡಗುತ್ತದೆ.

ಇದೇ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಜನಪದ ಗಾಯಕರನ್ನು ಹುಡುಕಿಕೊಂಡು ತಿರುಗಿ, ಹಾಡು ಕಥೆಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು, 1994ರಲ್ಲಿ ರಾಮನಗರದ ಹತ್ತಿರ ಜಾನಪದ ಲೋಕ ಕಟ್ಟಿದರು. ಮೊಳೆ ಜೋಡಿಸಿ ಅಚ್ಚು ಹಾಕಿದ ಅಂದಿನ ಪುಸ್ತಕಗಳನ್ನು ಈಗಲೂ ಯಾರು ಬೇಕಾದರೂ ತೆರೆದು ಓದಬಹುದು. ಇವತ್ತು ದೇವಲಾಪುರದ ಕಡೆಯ ಒಬ್ಬ ಅಜ್ಜಿಯ ಬಾಯಿಂದ ಸೋಬಾನೆ ಪದ ಬರೆದುಕೊಂಡು, ಡಿಟಿಪಿ ಮಾಡಿಸಿ, ಸಿಡಿಯಲ್ಲಿ ಇಟ್ಟುಕೊಂಡವರು ಹತ್ತು ವರ್ಷ ಬಿಟ್ಟು ಮರುಮುದ್ರಣಕ್ಕೆ ಹೋದರೆ “ಪೂರ್ತಿ ಹೊಸದಾಗಿ ಟೈಪ್ ಮಾಡಿಸಬೇಕು ಸಾರ್” ಎಂಬ ಉತ್ತರ ಸಿಗುವ ಸಾಧ್ಯತೆಯೇ ಹೆಚ್ಚು. ಹಳೆಯದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ, ಅರವಿಂದ ವಿ.ಕೆ. ಅವರಂಥ ಸ್ವಯಂಸೇವಕರು ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದರಿಂದ ತುಂಬ ಅನುಕೂಲವಾಗಿದೆ. ಆದರೂ ತಿರುಗಿಸಿದ ಮೇಲೆ ಅರ್ಕಾವೊತ್ತು, ಅಂಕಿ, ನಡುನಡುವಿನ ಇಂಗ್ಲಿಷ್ ಪದಗಳನ್ನು ಒಬ್ಬರು ಕೂತು ನೋಡಲೇಬೇಕು. ನಿಜವಾದ ಇಂಗ್ಲಿಷ್ ಪದ ಯಾವುದು, ವೇಷ ಹಾಕಿದ್ದು ಯಾವುದು ಎಂದು ಪರಿವರ್ತಕಕ್ಕೆ ತಿಳಿಯುವುದಿಲ್ಲ.

ನನಗೆ ಹೆಚ್ಚು ಸಿಟ್ಟು ತರಿಸುವುದು ಬೇರೆ ವಿಷಯ. ಬದಲಾಗಲು ಟೈಪ್ ಮಾಡುವವರು ಹೊಸದೇನನ್ನೂ ಕಲಿಯಬೇಕಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ಯೂನಿಕೋಡಿಗೂ ಹಾಗೇ ನಡೆಯುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲೂ, ಬರಹದಲ್ಲೂ ಯೂನಿಕೋಡ್ ಆಯ್ಕೆ ಇದೆ. ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ಎಂಬ ಹೆಸರಿನಲ್ಲೇ ಅದು ಕೂತಿದೆ, ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು. ಬೆರಳು ಕುಟ್ಟುವ ಕೀಲಿ ಅದೇ, ಒಳಗೆ ಉಳಿಯುವ ಅಂಕಿ ಮಾತ್ರ ಬೇರೆ. ಪತ್ರ, ವರದಿ, ಅರ್ಜಿಗಳಿಗೆ ಪೇಜ್‌ಮೇಕರ್ ಬೇಕಿಲ್ಲ, ವರ್ಡ್ ಅಥವಾ ಪುಕ್ಕಟೆಯ ಲಿಬ್ರೆಆಫೀಸ್ ಸಾಕು. ಲಗ್ನಪತ್ರಿಕೆ ಹಳೆಯ ಪದ್ಧತಿಯಲ್ಲೇ ಇರಲಿ ಬಿಡಿ, ಮದುವೆ ಮುಗಿದ ಮೇಲೆ ಅದನ್ನು ಯಾರೂ ಹುಡುಕುವುದಿಲ್ಲ. ಡೇರಿಯ ಲೆಕ್ಕ, ಗ್ರಾಮಸಭೆಯ ನಡಾವಳಿ, ಶಾಲೆಯ ದಾಖಲೆ ಹಾಗಲ್ಲ.

ಅಂಗಡಿಯವರ ಕಷ್ಟ ಇಷ್ಟಕ್ಕೆ ಮುಗಿಯುವುದಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅಂದರೆ ಕಂಪ್ಯೂಟರ್ ಮೊದಲಿನಂತೆ ಓಡುತ್ತದೆ, ಹೊಸ ಹೊಸ ಕಳ್ಳಕಿಂಡಿಗಳನ್ನು ಮುಚ್ಚುವ ತೇಪೆ ಮಾತ್ರ ಬರುವುದಿಲ್ಲ. ನೋಂದಣಿ ಮಾಡಿಕೊಂಡವರಿಗೆ ಒಂದು ವರ್ಷದ ರಿಯಾಯಿತಿ ಇದೆ. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್ ಬೇಕು. ಎಂಟನೇ ಪೀಳಿಗೆ ಬಂದದ್ದೇ 2017ರಲ್ಲಿ. ದೊಡ್ಡ ಊರಿನ ಕಚೇರಿಗಳು ಬಿಸಾಕಿದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನಲ್ಲಿ ಅನ್ನ ಕಾಣುವ ಅಂಗಡಿಗಳಿಗೆ ಇದು ಸಣ್ಣ ಮಾತಲ್ಲ. ಯಂತ್ರ ಗಟ್ಟಿಮುಟ್ಟಾಗಿದೆ, ಕಾಗದದ ಮೇಲೆ ಮಾತ್ರ ಅದಕ್ಕೆ ನಿವೃತ್ತಿ.

ಹೆಬ್ಬೆಟ್ಟಿನ ಸಾಧನದ ಕಥೆ ಇದಕ್ಕಿಂತ ಸ್ವಲ್ಪ ನ್ಯಾಯವಾದದ್ದು. ಗ್ರಾಮ ಒನ್ ಕೇಂದ್ರದಲ್ಲೋ, ಆಧಾರ್ ಮೂಲಕ ಹಣ ಬಿಡಿಸುವಲ್ಲೋ ಹೆಬ್ಬೆಟ್ಟು ಒತ್ತುವ ಸಾಧನವಿರುತ್ತದಲ್ಲ, ಅದರಲ್ಲಿ ಎಲ್-0, ಎಲ್-1 ಎಂದು ಎರಡು ಮಟ್ಟ. ಹಳೆಯ ಎಲ್-0 ಸಾಧನದಲ್ಲಿ ಬೆರಳಿನ ಗುರುತು ಕಂಪ್ಯೂಟರಿಗೆ ಹೋದ ಮೇಲೆ ಅದಕ್ಕೆ ಬೀಗ ಬೀಳುತ್ತಿತ್ತು. ಎಲ್-1ರಲ್ಲಿ ಸಾಧನದ ಒಳಗೇ ಬೀಗ ಹಾಕಿ ಹೊರಗೆ ಬಿಡುತ್ತಾರೆ, ನಡುವೆ ಕದಿಯುವುದು ಕಷ್ಟ. ಜನರ ಖಾತೆಯ ಹಣ ಕಾಯಲು ಇದು ಬೇಕಾದ ಬದಲಾವಣೆಯೇ. ಆದರೆ ಆಧಾರ್ ಪ್ರಾಧಿಕಾರ ಹಳೆಯದನ್ನು ಕೈಬಿಡುವ ತೀರ್ಮಾನ ಮಾಡಿದಾಗ ಹೊಸ ಸಾಧನದ ಖರ್ಚು ಬಿದ್ದದ್ದು ಕೇಂದ್ರ ನಡೆಸುವವರ ಜೇಬಿಗೆ, ಹಳೆಯದು ಮೂಲೆಗೆ. ಹೊಸದನ್ನು ಸಿಕ್ಕಿಸಿದ ಕೂಡಲೇ ಕೆಲಸ ಮಾಡುವುದೂ ಇಲ್ಲ, ಅದರ ಡ್ರೈವರ್, ಆರ್‌ಡಿ ಸರ್ವಿಸ್ ಎಂಬ ಅದರ ತಂತ್ರಾಂಶ ಹಾಕಿ ನೋಂದಾಯಿಸಬೇಕು. ಅಷ್ಟರಲ್ಲಿ ಸಾಲಿನಲ್ಲಿ ನಿಂತವರಿಗೆ ಕೇಳಿಸುವುದು ಒಂದೇ ಮಾತು, “ಸರ್ವರ್ ಡೌನ್”. ಎಷ್ಟೋ ಸಲ ಸರ್ವರ್ ಪಾಪ ಚೆನ್ನಾಗಿಯೇ ಇರುತ್ತದೆ.

ಫೋನುಗಳದ್ದೂ ಇದೇ ಹಾಡು. 2017ರಲ್ಲಿ 1500 ರೂಪಾಯಿ ಠೇವಣಿಗೆ ಜಿಯೋಫೋನ್ ಸಿಕ್ಕಾಗ ಹಳ್ಳಿಯ ಎಷ್ಟೋ ಮನೆಗಳಿಗೆ ಮೊದಲ ಸಲ ಇಂಟರ್‌ನೆಟ್ ಬಂತು. ಮರುವರ್ಷ ಅದಕ್ಕೆ ವಾಟ್ಸ್‌ಆ್ಯಪೂ ಬಂತು. ಅದರೊಳಗಿನ ಕೈಓಎಸ್ ವ್ಯವಸ್ಥೆಗೆ ವಾಟ್ಸ್‌ಆ್ಯಪ್ 2025ರಲ್ಲಿ ಬೆಂಬಲ ನಿಲ್ಲಿಸಿತು. ಗುಂಡಿ ಒತ್ತಿ ಮಾತಾಡಲು ಫೋನ್ ಈಗಲೂ ಚೆನ್ನಾಗಿದೆ, ಮಕ್ಕಳು ಕಳಿಸುವ ಫೋಟೊ ಮಾತ್ರ ಬರುವುದಿಲ್ಲ.

ಆದ್ದರಿಂದ ಸಾಮಾನು ಕೊಳ್ಳುವಾಗ ಎಷ್ಟು ಜಿಬಿ, ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮುಂಚೆ ಕೇಳಬೇಕಾದ ಮಾತು ಇನ್ನೊಂದಿದೆ. ಇದಕ್ಕೆ ತೇಪೆ ಎಷ್ಟು ವರ್ಷ ಬರುತ್ತದೆ? ಫೋನಿನ ಕಂಪನಿಗಳು ಇದನ್ನು ಈಗೀಗ ಹೇಳುತ್ತಿವೆ, ಕೇಳಿದರೆ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳುವವರು ಪ್ರೊಸೆಸರ್ ಎಷ್ಟನೇ ಪೀಳಿಗೆಯದು ಎಂದು ನೋಡಿ, ಏಳು ಅಥವಾ ಅದಕ್ಕಿಂತ ಕೆಳಗಿನದಾದರೆ ಆ ಲೆಕ್ಕದಲ್ಲೇ ಬೆಲೆ ಕಟ್ಟಿ. ಈಗಾಗಲೇ ಇರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಸುವುದು ಬುದ್ಧಿವಂತಿಕೆ, ಟೈಪಿಂಗ್, ಇಂಟರ್‌ನೆಟ್, ಲೆಕ್ಕಪತ್ರ ಇಷ್ಟೇ ಕೆಲಸವಿದ್ದರೆ. ಹೆಬ್ಬೆಟ್ಟಿನ ಸಾಧನ, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡವರು ಮಾತ್ರ ಆತುರಪಡಬೇಡಿ. ಅವುಗಳ ಡ್ರೈವರ್ ಲಿನಕ್ಸಿಗೆ ಇದೆಯೇ ಎಂದು ವಿಚಾರಿಸದೆ ಬದಲಾಯಿಸಿದರೆ ಮಾರನೆಯ ದಿನ ಅಂಗಡಿ ಮುಚ್ಚಿಕೊಂಡು ಕೂರಬೇಕಾಗುತ್ತದೆ.

ಕಂಪ್ಯೂಟರ್, ಫೋನ್, ಹೆಬ್ಬೆಟ್ಟಿನ ಸಾಧನದ ವಿಷಯದಲ್ಲಿ ನಮ್ಮ ಕೈಯಲ್ಲಿ ಹೆಚ್ಚೇನಿಲ್ಲ, ತೀರ್ಮಾನ ಮಾಡುವವರು ಎಲ್ಲೋ ಇದ್ದಾರೆ. ಅಕ್ಷರದ ವಿಷಯದಲ್ಲಿ ಹಾಗಲ್ಲ, ಅದು ಪೂರ್ತಿ ನಮ್ಮ ಮನೆಯದೇ ಜಗಳ. ಯೂನಿಕೋಡಿನಲ್ಲಿ ಬಾರದ ಕಡತವನ್ನು ಸ್ವೀಕರಿಸುವುದಿಲ್ಲ ಎಂದು ತಾಲ್ಲೂಕು ಕಚೇರಿ, ಸಹಕಾರ ಇಲಾಖೆ, ಜಿಲ್ಲಾ ಪಂಚಾಯಿತಿಗಳು ಒಂದು ದಿನಾಂಕ ಗೊತ್ತುಮಾಡಿ ನಿಂತರೆ ನಾಗಮಂಗಲದ ಅಂಗಡಿಗಳು ಒಂದೇ ವಾರದಲ್ಲಿ ಬದಲಾಗುತ್ತವೆ. ಈಗ ಆದೇಶ ಹೊರಡಿಸುವ ಕಚೇರಿಗಳೇ ನುಡಿ ಕಡತ ಕಳಿಸುತ್ತಿದ್ದರೆ ಅಂಗಡಿಯವರಿಗೆ ಬುದ್ಧಿ ಹೇಳುವ ಬಾಯಿ ಯಾರಿಗಿದೆ?

ಅಲ್ಲಿಯವರೆಗೆ ಗಿರಾಕಿಯೇ ಕೇಳಬೇಕು. ಮುಂದಿನ ಸಲ ಸಂಘದ ವರದಿಯನ್ನೋ, ತಹಶೀಲ್ದಾರರಿಗೆ ಕೊಡುವ ಅರ್ಜಿಯನ್ನೋ ಟೈಪ್ ಮಾಡಿಸುವಾಗ ಶುರುವಿನಲ್ಲೇ “ಯೂನಿಕೋಡಲ್ಲಿ ಮಾಡ್ಕೊಡಣ್ಣ” ಎಂದು ಹೇಳಿ. ಮುಗಿದ ಮೇಲೆ ಅಲ್ಲೇ ನಿಂತು ಆ ಕಡತವನ್ನು ನಿಮ್ಮ ಫೋನಿಗೆ ಹಾಕಿಸಿಕೊಂಡು, ತೆರೆದು, ನಿಮ್ಮ ಹೆಸರನ್ನು ಕನ್ನಡದಲ್ಲಿ ಹುಡುಕಿ ನೋಡಿ. ಹೆಸರು ಸಿಕ್ಕರೆ ಸರಿಯಾಗಿದೆ. ಸಿಗದಿದ್ದರೆ ದುಡ್ಡು ಕೊಡುವ ಮುಂಚೆ ಸರಿಮಾಡಿಸಿಕೊಳ್ಳಿ.